ಕರಗುವುದು ಒಂದಲ್ಲ, ಎರಡು



ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದ ಮಾತು. ಒಂಬತ್ತನೆಯ ತರಗತಿ. ಕರಿಹಲಗೆಯ ಮೇಲೆ ಕೆಲವು ವಸ್ತುಗಳ ಹೆಸರು, ಪಕ್ಕದಲ್ಲಿ ಅವು ಕರಗುವ ಉಷ್ಣತೆ ಬರೆದಿದ್ದೆ. ಮಂಜುಗಡ್ಡೆ ಸೊನ್ನೆ ಡಿಗ್ರಿ, ಸೀಸ 327 ಡಿಗ್ರಿ, ಅಡುಗೆ ಉಪ್ಪು 801 ಡಿಗ್ರಿ ಸೆಲ್ಸಿಯಸ್. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಉಪ್ಪು ಕರಗೋಕೆ ಎಂಟ್ನೂರು ಡಿಗ್ರಿ ಬೇಕು ಅಂತೀರಿ. ನಮ್ಮವ್ವ ಮಜ್ಜಿಗೆಗೆ ಹಾಕಿದ ಉಪ್ಪು ಹೆಂಗೆ ಕರಗುತ್ತೆ? ಮಜ್ಜಿಗೆ ತಣ್ಣಗೇ ಇರುತ್ತಲ್ಲ?"

ತರಗತಿಯಲ್ಲಿ ನಗೆ ಎದ್ದಿತು. ನನಗೆ ನಗು ಬರಲಿಲ್ಲ. ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಇತ್ತು. ಹಲಗೆಯ ಮೇಲೆ ನಾನು ಬರೆದದ್ದೂ ಸರಿ, ಅವಳ ಅವ್ವನ ಮಜ್ಜಿಗೆಯೂ ಸರಿ. ನಡುವೆ ನಿಂತಿದ್ದ ಪದ ಮಾತ್ರ ಒಂದೇ ಆಗಿ ಎರಡು ಕೆಲಸ ಮಾಡುತ್ತಿತ್ತು. "ಕರಗು" ಎಂಬ ಆ ಪದದಿಂದಲೇ ಇಂದಿನ ಮಾತನ್ನು ಹಿಡಿದು ಹೊರಡುತ್ತೇನೆ.

ಉಪ್ಪಿನ ಹರಳಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಸಾಲುಸಾಲಾಗಿ ನಿಂತಿವೆ. ಈ ಹಿಡಿತವನ್ನು ಬರಿಯ ಶಾಖದಿಂದಲೇ ಸಡಿಲಿಸಬೇಕಾದರೆ 801 ಡಿಗ್ರಿ ಬೇಕು. ಆಗ ಉಪ್ಪು ನೀರಿನ ಹಂಗಿಲ್ಲದೆ ತಾನೇ ದ್ರವವಾಗಿ ಹರಿಯುತ್ತದೆ. ಇದು ದ್ರವನ. ಮಜ್ಜಿಗೆಯಲ್ಲಿ ನಡೆಯುವುದು ಬೇರೆ. ಅಲ್ಲಿ ನೀರಿನ ಅಣುಗಳು ಹರಳನ್ನು ಮುತ್ತಿ, ಒಂದೊಂದೇ ಅಯಾನನ್ನು ಕಿತ್ತು, ಸುತ್ತುವರಿದು ಒಯ್ಯುತ್ತವೆ. ಇದು ವಿಲೀನ. ಮೊದಲನೆಯದಕ್ಕೆ ಶಾಖ ಸಾಕು, ಇನ್ನೊಂದು ವಸ್ತು ಬೇಡ. ಎರಡನೆಯದಕ್ಕೆ ಇನ್ನೊಂದು ವಸ್ತುವೇ ಬೇಕು, ಕುದಿಸಬೇಕಾದ್ದಿಲ್ಲ.

ಕನ್ನಡ ಈ ವ್ಯತ್ಯಾಸವನ್ನು ಅರಿಯದ ಭಾಷೆಯೇನಲ್ಲ. ನಾವು ಆಡುವ ಮಾತನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿ. ಬೆಣ್ಣೆ ಬಿಸಿಗೆ ಕರಗಿತು ಎನ್ನುತ್ತೇವೆ. ಸಕ್ಕರೆ ಹಾಲಿನಲ್ಲಿ ಕರಗಿತು ಎನ್ನುತ್ತೇವೆ. ಬಿಸಿಗೆ, ಹಾಲಿನಲ್ಲಿ. ಕ್ರಿಯಾಪದ ಬಿಟ್ಟುಕೊಟ್ಟ ಭೇದವನ್ನು ವಿಭಕ್ತಿ ಪ್ರತ್ಯಯ ಕಾಯ್ದುಕೊಂಡಿದೆ. ನಮ್ಮ ಅಜ್ಜಿಯರು ಇದನ್ನು ಎಂದೂ ತಪ್ಪಿಲ್ಲ. ಪಾಠ ಹೇಳುವ ನಾವು ಪ್ರತ್ಯಯವನ್ನು ಕೈಬಿಟ್ಟು ಬರಿಯ "ಕರಗು" ಎಂದಾಗಲೇ ಮಕ್ಕಳು ಎಡವಿದ್ದು.

ಮನೆಯಲ್ಲಿ ಬೆಣ್ಣೆ ಕಾಯಿಸುವುದನ್ನು ಹತ್ತಿರ ನಿಂತು ನೋಡಿದರೆ ರಸಾಯನಶಾಸ್ತ್ರದ ಮೂರು ಮಾತುಗಳು ಒಂದೇ ಬಾಣಲೆಯಲ್ಲಿ ಸಿಗುತ್ತವೆ. ಮೊದಲು ಬೆಣ್ಣೆ ಜಾರುತ್ತದೆ, ಹಳದಿ ದ್ರವವಾಗುತ್ತದೆ. ಅದು ದ್ರವನ. ತುಸು ಹೊತ್ತಿಗೆ ಚಿಟಚಿಟ ಸದ್ದು, ನೊರೆ. ಬೆಣ್ಣೆಯೊಳಗೆ ಅಡಗಿದ್ದ ನೀರು ಕುದಿದು ಆವಿಯಾಗಿ ಹೊರಡುತ್ತಿದೆ. ನೀರಿರುವ ತನಕ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸದ್ದು ಅಡಗಿತೆಂದರೆ ನೀರು ಮುಗಿಯಿತು. ಆಮೇಲೆ ಬಿಸಿ ಏರುತ್ತದೆ, ತಳದ ಗಸಿ ಹೊಂಬಣ್ಣಕ್ಕೆ ತಿರುಗುತ್ತದೆ, ಮನೆಯೆಲ್ಲ ಘಮ್ಮೆನ್ನುತ್ತದೆ. ಆ ಘಮ ಮೊದಲು ಬೆಣ್ಣೆಯಲ್ಲಿ ಇರಲಿಲ್ಲ. ಹಾಲಿನ ಪ್ರೋಟೀನೂ ಸಕ್ಕರೆಯ ಅಂಶವೂ ಕೂಡಿ ಹೊಸ ವಸ್ತುಗಳು ಹುಟ್ಟಿದವು. ಮೊದಲ ಎರಡು ಭೌತ ಬದಲಾವಣೆಗಳು, ಮೂರನೆಯದು ರಾಸಾಯನಿಕ ಬದಲಾವಣೆ. ಒಲೆಯ ಮುಂದೆ ನಿಂತವರು ಕಿವಿಯಿಂದಲೂ ಮೂಗಿನಿಂದಲೂ ಈ ಗಡಿಗಳನ್ನು ಗುರುತಿಸಿಯೇ ಪಾತ್ರೆ ಇಳಿಸುತ್ತಾರೆ.

ಇಲ್ಲಿಯೇ ನಾಲ್ಕು ಪದಗಳನ್ನು ಬಿಡಿಸಿಬಿಡುತ್ತೇನೆ, ಏಕೆಂದರೆ ಪರೀಕ್ಷೆಯ ಹೊತ್ತಿಗೆ ಮಕ್ಕಳ ನಾಲಗೆ ಇವುಗಳಲ್ಲಿ ತೊಡರುತ್ತದೆ. ದ್ರವ ಎಂದರೆ ವಸ್ತುವಿನ ಒಂದು ಸ್ಥಿತಿ, ನೀರಿನಂತೆ ಹರಿಯುವುದು. ಉಪ್ಪುನೀರಿನಲ್ಲಿ ಕರಗಿಸಿಕೊಂಡ ನೀರು ದ್ರಾವಕ, ಕರಗಿದ ಉಪ್ಪು ದ್ರಾವ್ಯ, ಎರಡೂ ಕೂಡಿದ್ದು ದ್ರಾವಣ. ದ್ರಾವಣವೆಲ್ಲ ದ್ರವವಾಗಿಯೇ ಇರಬೇಕೆಂದಿಲ್ಲ. ನಿಮ್ಮ ಕೈಬಳೆಯ ಚಿನ್ನದಲ್ಲಿ ತಾಮ್ರ ಬೆರೆತು ಕೂತಿದೆಯಲ್ಲ, ಅದೂ ಒಂದು ದ್ರಾವಣ, ಘನರೂಪದ ದ್ರಾವಣ.

ಮರುದಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿ ಎರಡು ಮೂರು ಕೆಲಸಕ್ಕೆ ಒಂದೇ ಪದ ಬಳಸುವ ಕಡೆ ಗುರುತು ಹಾಕಿಕೊಂಡು ಬನ್ನಿ ಎಂದೆ. ಅದೇ ಹುಡುಗಿ "ಹೆಪ್ಪುಗಟ್ಟು" ಎಂಬ ಪದ ತಂದಳು. ಹಾಲು ಹೆಪ್ಪುಗಟ್ಟುತ್ತೆ, ರಕ್ತ ಹೆಪ್ಪುಗಟ್ಟುತ್ತೆ, ಫ್ರಿಜ್ಜಿನಲ್ಲಿಟ್ಟ ನೀರೂ ಹೆಪ್ಪುಗಟ್ಟುತ್ತೆ ಎಂದಳು.

ನೋಡಿದರೆ ಮೂರೂ ಒಂದೇ. ಹರಿಯುತ್ತಿದ್ದದ್ದು ಗಟ್ಟಿಯಾಯಿತು. ಒಳಹೊಕ್ಕರೆ ಮೂರೂ ಬೇರೆ. ನೀರು ಗಟ್ಟಿಯಾದಾಗ ಅದರ ಅಣುಗಳು ಓಡಾಟ ನಿಲ್ಲಿಸಿ ಸಾಲಾಗಿ ನಿಂತವು, ಅಷ್ಟೇ. ಹೊರಗಿಟ್ಟರೆ ಮತ್ತೆ ಅದೇ ನೀರು. ಇದು ಘನೀಭವನ. ಹಾಲಿಗೆ ಹೆಪ್ಪು ಹಾಕಿದಾಗ ಹೆಪ್ಪಿನ ಜೊತೆ ಹೋದ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಹುಳಿ ಏರುತ್ತಾ ಹೋಗಿ ಹುಳಿಯ ಅಳತೆಯಾದ ಪಿಎಚ್ 4.6ರ ಹತ್ತಿರ ಬಂದಾಗ ಕೇಸಿನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿಕೊಂಡು ಬಲೆಯಾಗುತ್ತದೆ. ಆಮ್ಲ ಮಾಡುವ ಆ ಜೀವಕ್ರಿಯೆ ಹುದುಗುವಿಕೆ, ಪ್ರೋಟೀನು ಗಟ್ಟಿಯಾಗುವುದು ಅದರ ಫಲ. ನಿಂಬೆರಸ ಹಿಂಡಿದರೂ ಹಾಲು ಒಡೆಯುತ್ತದೆ, ಆದರೆ ಅಲ್ಲಿ ಜೀವಿಯ ಕೆಲಸವಿಲ್ಲ, ಹುದುಗುವಿಕೆ ಇಲ್ಲ. ಒಡೆದ ಹಾಲು ಮೊಸರಲ್ಲ ಎಂದು ನಮ್ಮ ಅಡುಗೆಮನೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನು ರಕ್ತ. ಗಾಯವಾದಾಗ ರಕ್ತದಲ್ಲಿ ಕರಗಿದ್ದ ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಥ್ರಾಂಬಿನ್ ಎಂಬ ಕಿಣ್ವ ಕತ್ತರಿಸುತ್ತದೆ. ಫೈಬ್ರಿನ್ ಎಳೆಗಳು ಹುಟ್ಟುತ್ತವೆ, ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಬೀಳುತ್ತವೆ. ಇಲ್ಲಿ ಹುಳಿಯೂ ಇಲ್ಲ, ತಣುಪೂ ಇಲ್ಲ.

ಗಟ್ಟಿಯಾಯಿತೇ ಎಂಬ ಒಂದು ಪ್ರಶ್ನೆ ಸಾಲದು. ಏನು ಬದಲಾಯಿತು, ಏನು ಹಾಗೆಯೇ ಉಳಿಯಿತು ಎಂದು ಕೇಳಬೇಕು. ಆ ವರ್ಷ ನಮ್ಮ ತರಗತಿಯ ಒಂದು ನೋಟ್‌ಬುಕ್ಕಿನಲ್ಲಿ ಈ ಎರಡು ಪ್ರಶ್ನೆಗಳಿಗೆ ಎರಡು ಕಂಬ ಎಳೆದೆವು. ಇಂದು ನಾನು ಹೇಳುತ್ತಿರುವುದೆಲ್ಲ ಆ ಎರಡು ಕಂಬಗಳಲ್ಲಿ ಬರೆದಂಥದ್ದೇ.

ಪದಗಳ ಗಡಿ ತಪ್ಪಿದರೆ ದೊಡ್ಡ ವಿಜ್ಞಾನಿಗಳೂ ದಾರಿ ತಪ್ಪುತ್ತಾರೆ. ಅದಕ್ಕೆ ಸಾಕ್ಷಿ ಅಣು ಮತ್ತು ಪರಮಾಣು. 1808ರಲ್ಲಿ ಇಂಗ್ಲೆಂಡಿನ ಜಾನ್ ಡಾಲ್ಟನ್ ತಮ್ಮ ಪರಮಾಣು ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದರು. ನೀರು ಒಂದು ಜಲಜನಕ, ಒಂದು ಆಮ್ಲಜನಕ ಸೇರಿ ಆದದ್ದೆಂದು ಅವರ ಎಣಿಕೆ. ಅದೇ ಕಾಲಕ್ಕೆ ಫ್ರಾನ್ಸಿನ ಗೇ-ಲುಸಾಕ್ ಅಳೆದು ತೋರಿಸಿದ್ದು ಬೇರೆ. ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ ಕೂಡಿದರೆ ಎರಡು ಪಾಲು ನೀರಾವಿ ಬರುತ್ತದೆ. ಒಂದು ಪಾಲು ಆಮ್ಲಜನಕ ಎರಡು ಪಾಲು ಆವಿಯಲ್ಲಿ ಹಂಚಿಹೋಗಬೇಕಾದರೆ ಅದರ ಕಣ ಎರಡಾಗಿ ಒಡೆಯಬೇಕು. ಪರಮಾಣುವನ್ನು ಒಡೆಯುವುದುಂಟೇ?

1811ರಲ್ಲಿ ಇಟಲಿಯ ಅಮೆಡಿಯೊ ಅವೊಗಾಡ್ರೊ ಗಂಟು ಬಿಡಿಸಿದರು. ಅನಿಲದಲ್ಲಿ ಓಡಾಡುವ ಆಮ್ಲಜನಕದ ಕಣ ಒಂಟಿಯಲ್ಲ, ಜೋಡಿ. ಜೋಡಿ ಬಿಡಬಹುದು, ಒಂಟಿ ಒಡೆಯುವುದಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಜೋಡಿ ಅಣು, ಒಂಟಿ ಪರಮಾಣು. ಇಷ್ಟು ಸರಳವಾದ ಭೇದವನ್ನು ಲೋಕ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಮಾರು ಐವತ್ತು ವರ್ಷ ರಸಾಯನಶಾಸ್ತ್ರಜ್ಞರು ಒಬ್ಬೊಬ್ಬರು ಒಂದೊಂದು ಅಳತೆ ಹಿಡಿದರು. ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ, ಅದೊಂದಕ್ಕೇ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಕೆಕ್ಯುಲೆ 1861ರ ತಮ್ಮ ಪಠ್ಯಪುಸ್ತಕದಲ್ಲಿ ಪಟ್ಟಿಮಾಡಿದರು.

ಈ ಗೊಂದಲ ಕಳೆಯಲೆಂದೇ 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಪಟ್ಟಣದಲ್ಲಿ ನೂರಕ್ಕೂ ಹೆಚ್ಚು ರಸಾಯನಶಾಸ್ತ್ರಜ್ಞರು ಮೂರು ದಿನ ಸಭೆ ಸೇರಿದರು. ಅಣು ಎಂದರೇನು, ಪರಮಾಣು ಎಂದರೇನು ಎಂಬುದೇ ಅವರ ಮುಂದಿದ್ದ ಮೊದಲ ಪ್ರಶ್ನೆ. ಇಟಲಿಯ ಕನ್ನಿಜಾರೊ ಅವೊಗಾಡ್ರೊ ಹೇಳಿದ್ದನ್ನು ಎತ್ತಿಹಿಡಿದರು. ಅವರ ಪುಟ್ಟ ಹೊತ್ತಗೆಯನ್ನು ಸಭೆಯ ಕೊನೆಯಲ್ಲಿ ಹಂಚಲಾಯಿತು. ಅಷ್ಟು ಹೊತ್ತಿಗೆ ಅವೊಗಾಡ್ರೊ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಸಭೆಯಲ್ಲಿ ರಷ್ಯಾದ ತರುಣ ಮೆಂಡೆಲೀವ್ ಕೂಡ ಕುಳಿತಿದ್ದರು. ಪರಮಾಣುಗಳ ತೂಕ ಸರಿಹೋದ ಮೇಲೆಯೇ 1869ರಲ್ಲಿ ಅವರು ಧಾತುಗಳನ್ನು ಆವರ್ತ ಕೋಷ್ಟಕದಲ್ಲಿ ಕೂರಿಸಲು ಸಾಧ್ಯವಾದದ್ದು. ಎರಡು ಪದಗಳ ನಡುವೆ ಬದು ಹಾಕಿದ್ದಕ್ಕೆ ಸಿಕ್ಕ ಬೆಳೆ ಅದು.

ನಮ್ಮ ಪಠ್ಯಪುಸ್ತಕಗಳು ಈ ಬದುವನ್ನು ಉಳಿಸಿಕೊಂಡಿವೆ. ಆದರೆ ಪತ್ರಿಕೆಯಲ್ಲೂ ದಿನದ ಮಾತಿನಲ್ಲೂ "ಅಣು" ಎಲ್ಲೆಡೆ ಹರಡಿಕೊಂಡಿದೆ. ಅಣುಬಾಂಬು, ಅಣುಸ್ಥಾವರ, ರೋಗಾಣು, ವೀರ್ಯಾಣು. ರೋಗಾಣು, ವೀರ್ಯಾಣುಗಳಲ್ಲಿ ಅಣು ಎಂದರೆ ಬಹಳ ಚಿಕ್ಕದು ಎಂದಷ್ಟೇ ಅರ್ಥ. ಒಂದು ವೀರ್ಯಾಣು ಇಡೀ ಒಂದು ಜೀವಕೋಶ, ಅದರೊಳಗೆ ಲೆಕ್ಕವಿಲ್ಲದಷ್ಟು ಅಣುಗಳಿವೆ. ಅಣುಸ್ಥಾವರದ ಮಾತು ಇನ್ನೊಂದು. ನಮ್ಮ ರಾಜ್ಯದಲ್ಲೇ ಎರಡು ವಿದ್ಯುತ್ ಕೇಂದ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತದೆ. ಇಂಗಾಲದ ಪರಮಾಣು ಆಮ್ಲಜನಕದ ಜೊತೆ ಹೊಸ ಅಣು ಕಟ್ಟಿಕೊಳ್ಳುತ್ತದೆ, ಆದರೆ ಇಂಗಾಲ ಇಂಗಾಲವಾಗಿಯೇ ಉಳಿಯುತ್ತದೆ. ಕಾಳಿ ನದಿಯ ದಡದ ಕೈಗಾದಲ್ಲಿ ಯುರೇನಿಯಂ ಪರಮಾಣುವಿನ ನಡುವಿನ ಬೀಜಕೇಂದ್ರವೇ ಒಡೆಯುತ್ತದೆ, ಯುರೇನಿಯಂ ಯುರೇನಿಯಂ ಆಗಿ ಉಳಿಯುವುದಿಲ್ಲ. ಎರಡೂ ಕಡೆ ಬಂದ ಶಾಖ ಮಾಡುವ ಕೆಲಸ ಒಂದೇ, ನೀರನ್ನು ಆವಿ ಮಾಡಿ ಟರ್ಬೈನು ತಿರುಗಿಸುವುದು. ಶಾಖ ಹುಟ್ಟುವ ಜಾಗ ಬೇರೆ. ರಾಯಚೂರಿನದು ಅಣುಗಳ ಮಟ್ಟದ ಕೆಲಸ, ಕೈಗಾದ್ದು ಬೀಜಕೇಂದ್ರದ ಕೆಲಸ.

ಬೀಜಕೇಂದ್ರ ಎಂದಾಗ ನನಗೆ ಒಂದು ಸಂತೋಷವಿದೆ. 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಜೀವಕೋಶಗಳಲ್ಲಿ ಕಂಡ ಗುಂಡನೆಯ ಭಾಗಕ್ಕೆ ನ್ಯೂಕ್ಲಿಯಸ್ ಎಂದು ಹೆಸರಿಟ್ಟರು. 1911ರಲ್ಲಿ ಭೌತವಿಜ್ಞಾನಿ ರದರ್‌ಫೋರ್ಡ್ ಗುರುತಿಸಿದ ಪರಮಾಣುವಿನ ನಡುವಿಗೂ ಅದೇ ಹೆಸರು ಬಂತು. ಎರಡಕ್ಕೂ ಹೆಸರು ಒಂದೇ, ವಸ್ತುಗಳಿಗೆ ಸಂಬಂಧವಿಲ್ಲ. ಕನ್ನಡದಲ್ಲಿ ಜೀವಕೋಶದ್ದು ಕೋಶಕೇಂದ್ರ, ಪರಮಾಣುವಿನದು ಬೀಜಕೇಂದ್ರ. ವಿಜ್ಞಾನಕ್ಕೆ ಕನ್ನಡ ಸಾಲದು ಎನ್ನುವವರು ಈ ಜೋಡಿಯನ್ನು ಒಮ್ಮೆ ನೆನೆಯಬೇಕು.

ಇನ್ನು ಜೀವದ ಕಡೆಗೆ ಬರೋಣ. ಉಸಿರಾಟ ಮತ್ತು ಶ್ವಸನ. ಎದೆಗೂಡು ಏರಿ ಇಳಿಯುವುದು, ಗಾಳಿ ಒಳಹೋಗಿ ಹೊರಬರುವುದು ಉಸಿರಾಟ. ಜೀವಕೋಶದೊಳಗೆ ಆಹಾರ ಒಡೆದು ಶಕ್ತಿ ಬಿಡುಗಡೆಯಾಗುವುದು ಶ್ವಸನ. ಮೊದಲನೆಯದಕ್ಕೆ ನಮಗೆ ಶ್ವಾಸಕೋಶ ಬೇಕು. ಎರಡನೆಯದು ಶ್ವಾಸಕೋಶವೇ ಇಲ್ಲದ ಹೆಸರುಕಾಳಿನಲ್ಲೂ ನಡೆಯುತ್ತದೆ. ನೆನೆಸಿದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಗಂಟಿನ ನಡುವೆ ಬೆರಳು ತೂರಿಸಿ ನೋಡಿ. ಬೆಚ್ಚಗಿರುತ್ತದೆ. ಆ ಬಿಸುಪು ಶ್ವಸನದ್ದು.

ನನ್ನ ತಾತನ ಊರಿನಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ತೋಡಿದ ಆಳದ ಗುಳಿ, ಮೇಲೆ ಆಳಿಳಿಯುವಷ್ಟೇ ಕಿರಿದಾದ ಬಾಯಿ, ಅದಕ್ಕೆ ಕಲ್ಲಿನ ಮುಚ್ಚಳ, ಸುತ್ತ ಮಣ್ಣು. ಹಗೇವು ತೆಗೆದ ದಿನ ತಾತ ಯಾರನ್ನೂ ಒಳಗಿಳಿಯಲು ಬಿಡುತ್ತಿರಲಿಲ್ಲ. ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಮೆಲ್ಲಗೆ ಇಳಿಸುತ್ತಿದ್ದರು. ನಾವು ಮಕ್ಕಳು ಬಾಯಿಯ ಸುತ್ತ ಮಂಡಿಯೂರಿ ನೋಡುತ್ತಿದ್ದೆವು. ಒಂದು ಸಲ ಬೆಳಕು ಕುಗ್ಗಿತು, ನೀಲಿಗೆ ತಿರುಗಿ ಆರಿತು. "ಒಳಗೆ ಉಸಿರಿಲ್ಲ, ಇಳೀಬೇಡ್ರೋ" ಎಂದು ತಾತ ಹಗ್ಗ ಮೇಲೆಳೆದುಕೊಂಡರು.

ಆ ಗುಳಿಯೊಳಗಿನ ಆಮ್ಲಜನಕ ಎಲ್ಲಿ ಹೋಯಿತು? ರಾಗಿಯ ಕಾಳು, ಅದರ ಜೊತೆ ಸೇರಿದ್ದ ಹುಳು, ಬೂಷ್ಟು ಎಲ್ಲವೂ ಶ್ವಸನ ನಡೆಸಿ ಅದನ್ನು ಬಳಸಿಕೊಂಡಿದ್ದವು. ಬದಲಿಗೆ ಇಂಗಾಲದ ಡೈ ಆಕ್ಸೈಡ್ ತುಂಬಿಕೊಂಡಿತ್ತು. ಹುಳು ಬದುಕದೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿದದ್ದೂ ಅದರಿಂದಲೇ, ಅರಿಯದೆ ಇಳಿದವರ ಪ್ರಾಣ ಹೋಗುತ್ತಿದ್ದದ್ದೂ ಅದರಿಂದಲೇ. ಉಸಿರಾಡಲು ಬಾರದ ಕಾಳಿನ ಶ್ವಸನ ನಮ್ಮ ಉಸಿರಾಟವನ್ನು ನಿಲ್ಲಿಸಬಲ್ಲದು. ಈ ಎರಡು ಪದಗಳ ನಡುವಿನ ಅಂತರವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ.

ಲಾಟೀನು ಆರಿದ್ದೇಕೆ? ಉರಿಯಲೂ ಆಮ್ಲಜನಕ ಬೇಕು. ಆ ಉರಿಯುವಿಕೆಗೆ ಇನ್ನೊಂದು ಪದ, ದಹನ. 1782-83ರ ಚಳಿಗಾಲದಲ್ಲಿ ಪ್ಯಾರಿಸ್ಸಿನಲ್ಲಿ ವಿಜ್ಞಾನಿಗಳಾದ ಲವಾಜಿಯೆ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ ಅನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪೆಟ್ಟಿಗೆಯಲ್ಲಿ ಕೂರಿಸಿದರು. ಅದರ ಮೈಬಿಸಿಗೆ ಎಷ್ಟು ಮಂಜು ಕರಗಿತು, ಅದು ಎಷ್ಟು ಇಂಗಾಲದ ಡೈ ಆಕ್ಸೈಡ್ ಹೊರಬಿಟ್ಟಿತು ಎಂದು ಅಳೆದು, ಉರಿಯುವ ಇದ್ದಿಲಿನ ಜೊತೆ ಹೋಲಿಸಿದರು. ಎರಡೂ ಹತ್ತಿರಹತ್ತಿರ ಬಂದವು. ಪ್ರಾಣಿಯ ಶ್ವಸನವೂ ಒಂದು ಬಗೆಯ ನಿಧಾನದ ಉರಿ ಎಂದು ಅವರು ತಿಳಿದರು. ಇಂದು ನಮಗೆ ಇನ್ನಷ್ಟು ಗೊತ್ತಿದೆ. ಸಕ್ಕರೆಯನ್ನು ಬೆಂಕಿಗೆ ಹಾಕಿದರೂ ಮೈ ಬಳಸಿದರೂ ಕೊನೆಗೆ ಸಿಗುವುದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರು. ಬೆಂಕಿಯಲ್ಲಿ ಶಕ್ತಿಯೆಲ್ಲ ಒಮ್ಮೆಗೇ ಶಾಖವೂ ಬೆಳಕೂ ಆಗಿ ಹಾರಿಹೋಗುತ್ತದೆ. ಜೀವಕೋಶದಲ್ಲಿ ಕಿಣ್ವಗಳು ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಒಂದು ಪಾಲನ್ನು ಎಟಿಪಿ ಎಂಬ ಅಣುವಿನಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಹೊರಟ ಊರು ಒಂದೇ, ಸೇರಿದ ಊರೂ ಒಂದೇ, ದಾರಿ ಬೇರೆ. ಆ ದಾರಿಯ ಹೆಸರೇ ಶ್ವಸನ.

ಇದೇ ಲವಾಜಿಯೆ ಮಾಡಿದ ಒಂದು ತಪ್ಪು ನಮ್ಮ ಕನ್ನಡದಲ್ಲೂ ಉಳಿದಿದೆ. ಹುಳಿಯ ಗುಣ ಬರುವುದೇ ಉರಿಗೂ ಶ್ವಸನಕ್ಕೂ ಬೇಕಾದ ಅನಿಲದಿಂದ ಎಂದು ನಂಬಿ ಅವರು ಅದಕ್ಕೆ ಹುಳಿಯನ್ನು ಹುಟ್ಟಿಸುವುದು ಎಂಬ ಅರ್ಥದ ಹೆಸರಿಟ್ಟರು. ನಾವು ಅದನ್ನೇ ಆಮ್ಲಜನಕ ಎಂದೆವು. ನಮ್ಮ ಜಠರದಲ್ಲಿ ಊರುವ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಒಂದು ಪರಮಾಣುವೂ ಇಲ್ಲ. ಅದರಲ್ಲಿರುವ ಕ್ಲೋರಿನ್ ಒಂದು ಧಾತು, ಆಮ್ಲಜನಕದ ಸಂಯುಕ್ತವಲ್ಲ ಎಂದು 1810ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಸಾರಿದರು. ಹೆಸರು ಮಾತ್ರ ಬದಲಾಗಲಿಲ್ಲ. ಪದವನ್ನು ಬಿಡಿಸಿದರೆ ಸಿಗುವ ಅರ್ಥವೇ ಅದರ ವಿಜ್ಞಾನದ ಅರ್ಥ ಎಂದು ನಂಬಬಾರದು ಎಂಬುದಕ್ಕೆ ಆಮ್ಲಜನಕದಂಥ ಉದಾಹರಣೆ ಇನ್ನೊಂದಿಲ್ಲ.

ಕೊನೆಯದಾಗಿ ಜೀವ ಉಳಿಸುವ ಒಂದು ಭೇದ. ಬ್ಯಾಕ್ಟೀರಿಯಾ ಮತ್ತು ವೈರಸ್. ಎರಡನ್ನೂ ನಾವು ಕ್ರಿಮಿ ಎನ್ನುತ್ತೇವೆ, ರೋಗಾಣು ಎನ್ನುತ್ತೇವೆ. ಮಲೆನಾಡಿನ ಎರಡು ಜ್ವರಗಳನ್ನು ನೋಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ತಗುಲಿ, ಮಂಗನ ಕಾಯಿಲೆ ಬೆಳಕಿಗೆ ಬಂತು. ಉಣುಗು ಕಚ್ಚಿ ಹರಡುವ ಈ ಕಾಯಿಲೆಗೆ ಕಾರಣ ವೈರಸ್. ಗದ್ದೆಯ ನೀರಿನಲ್ಲಿ, ಕೆಸರಿನಲ್ಲಿ ಇಲಿಯ ಮೂತ್ರ ಸೇರಿ, ಕಾಲಿನ ಗಾಯದಿಂದ ಒಳಹೊಕ್ಕು ಬರುವ ಇಲಿಜ್ವರಕ್ಕೆ ಕಾರಣ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ. ಎರಡರಲ್ಲೂ ಮೈ ಸುಡುತ್ತದೆ, ತಲೆ ಸಿಡಿಯುತ್ತದೆ, ಮಾಂಸಖಂಡ ನೋಯುತ್ತದೆ.

ಬ್ಯಾಕ್ಟೀರಿಯಾ ಒಂದು ಪೂರ್ಣ ಜೀವಕೋಶ. ತಾನೇ ಉಣ್ಣುತ್ತದೆ, ತಾನೇ ಎರಡಾಗುತ್ತದೆ. ಪೆನಿಸಿಲಿನ್‌ನಂಥ ಆಂಟಿಬಯಾಟಿಕ್ ಅದರ ಕೋಶಭಿತ್ತಿ ಕಟ್ಟುವ ಕೆಲಸಕ್ಕೇ ಕೈಹಾಕಿ ಅದನ್ನು ಕೆಡವುತ್ತದೆ. ವೈರಸ್ಸಿಗೆ ಕೋಶಭಿತ್ತಿಯೂ ಇಲ್ಲ, ಕೋಶವೂ ಇಲ್ಲ. ಪ್ರೋಟೀನಿನ ಚಿಪ್ಪಿನಲ್ಲಿ ಸುತ್ತಿದ ಆನುವಂಶಿಕ ಬರಹ ಅದು. ನಮ್ಮ ಜೀವಕೋಶದೊಳಗೆ ಹೊಕ್ಕು, ನಮ್ಮ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಹಾಗಾಗಿ ಇಲಿಜ್ವರಕ್ಕೆ ಬೇಗ ಕೊಟ್ಟ ಆಂಟಿಬಯಾಟಿಕ್ ಪ್ರಾಣ ಉಳಿಸುತ್ತದೆ, ಮಂಗನ ಕಾಯಿಲೆಯ ವೈರಸ್ಸನ್ನು ಅದೇ ಮಾತ್ರೆ ಏನೂ ಮಾಡಲಾರದು. ನೆಗಡಿಗೂ ಅಷ್ಟೇ. ನೆಗಡಿಯಾದ ಮಗುವಿಗೆಂದು ಅಂಗಡಿಯಿಂದ ನೀವೇ ಕೊಂಡುತಂದ ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ಮೈಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಆ ಔಷಧಿಗೆ ಬಗ್ಗದವು ಮಾತ್ರ ಉಳಿದು ಬೆಳೆಯಲು ದಾರಿ ಮಾಡಿಕೊಡುತ್ತದೆ. ಮುಂದೊಂದು ದಿನ ನಿಜವಾಗಿ ಬೇಕಾದಾಗ ಅದೇ ಔಷಧಿ ನಾಟುವುದಿಲ್ಲ. ಯಾವ ಜ್ವರ ಯಾವುದರಿಂದ ಬಂತೆಂದು ವೈದ್ಯರು ಪರೀಕ್ಷಿಸಿ ಹೇಳಲಿ. "ಇದು ಯಾವುದರಿಂದ ಬಂದದ್ದು, ಡಾಕ್ಟ್ರೇ?" ಎಂದು ಕೇಳುವ ಹಕ್ಕು ನಿಮಗಿದೆ, ದಯವಿಟ್ಟು ಕೇಳಿ.

ಕೇಳುಗರೇ, ಆ ಹುಡುಗಿಯ ಪ್ರಶ್ನೆಯಿಂದ ಇಷ್ಟು ದೂರ ಬಂದೆವು. ಆ ವರ್ಷದ ಪರೀಕ್ಷೆಯಲ್ಲಿ ಉಪ್ಪಿನ ಬಗ್ಗೆ ನಾನು ಒಂದು ಪ್ರಶ್ನೆ ಕೊಟ್ಟಿದ್ದೆ. ಪುಸ್ತಕದ ವ್ಯಾಖ್ಯೆಯನ್ನು ಅವಳು ಬರೆಯಲಿಲ್ಲ. "ಉಪ್ಪು ಬಿಸಿಗೆ ಕರಗಬೇಕಾದರೆ 801 ಡಿಗ್ರಿ ಬೇಕು. ನೀರಿನಲ್ಲಿ ಕರಗಬೇಕಾದರೆ ನೀರು ಸಾಕು" ಎಂದು ಎರಡೇ ಸಾಲು ಬರೆದು, "ಬಿಸಿಗೆ" ಮತ್ತು "ನೀರಿನಲ್ಲಿ" ಎಂಬ ಪದಗಳ ಕೆಳಗೆ ಗೆರೆ ಎಳೆದಿದ್ದಳು. ನಾನು ಪೂರ್ತಿ ಅಂಕ ಕೊಟ್ಟೆ.

ನಿಮ್ಮ ಮನೆಯ ಮಕ್ಕಳೂ ಇಂಥ ಪ್ರಶ್ನೆ ಕೇಳುತ್ತಾರೆ. ಪುಸ್ತಕದಲ್ಲಿರುವುದು ಬೇರೆ, ಅಡುಗೆಮನೆಯದು ಬೇರೆ ಎಂದು ಅವರನ್ನು ಕೂರಿಸಬೇಡಿ. ಒಂದು ಚಿಟಿಕೆ ಉಪ್ಪು, ಒಂದು ಉಂಡೆ ಬೆಣ್ಣೆ ಅವರ ಕೈಗೆ ಕೊಡಿ. ಏನು ಬದಲಾಯಿತು, ಏನು ಹಾಗೆಯೇ ಉಳಿಯಿತು ಎಂದು ಕೇಳಿ. ಕನ್ನಡದಲ್ಲೇ ಉತ್ತರ ಹೇಳಲಿ.